ಅಂಗಳದಲ್ಲೊಂದು ಭತ್ತದ ಮೆದೆ

ನಾನು ಹುಟ್ಟಿದ ಪಾಲಹಳ್ಳಿ ಕಡೆ ಹೆಣ್ಣು ಕೇಳಿಕೊಂಡು ಯಾರಾದರೂ ಬಂದರೆ, ಜಗುಲಿ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಅವರು ಲೋಟ ಕೆಳಗಿಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು. "ನಿಮ್ದು ನಾಲೆ ನೀರೋ, ಮಳೆ ನೀರೋ?" ಹುಡುಗನ ಓದು, ಬುದ್ಧಿ, ನಡತೆ ಎಲ್ಲಾ ಆಮೇಲೆ. ನಾಲೆ ಅಂದರೆ ಒಳಗಿನಿಂದ ಕಾಫಿ ಬರುತ್ತಿತ್ತು. ಮಳೆ ಅಂದರೆ ಇನ್ನೊಂದು ಲೋಟ ನೀರು ಬರುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ, ಆ ಎರಡನೇ ಲೋಟವನ್ನು ನಾನೇ ಎಷ್ಟೋ ಸಲ ತಂದುಕೊಟ್ಟಿದ್ದೇನೆ.

ಅಂಥ ಊರಿನಲ್ಲಿ ಹುಟ್ಟಿದವಳನ್ನು ನಮ್ಮಪ್ಪ ನಾಗಮಂಗಲದ ಆಚೆಯ ಮಳೆ ಊರಿಗೆ ಕೊಟ್ಟುಬಿಟ್ಟ. ಹಠವಾದಿ ಮನುಷ್ಯ. "ಹುಡುಗನ ಕೈ ನೋಡ್ದೆ ಕಣವ್ವ, ಗೇಯೋ ಕೈ" ಅಂದ, ಮುಗಿಯಿತು. ನನ್ನ ಚಿಕ್ಕಮ್ಮ, ದೊಡ್ಡಮ್ಮಂದಿರೆಲ್ಲ ಸೇರಿ ನನಗೆ ಅರಿಶಿನ ಹಚ್ಚುವಾಗ ಮದುವೆ ಮನೆಯೋ ಸಾವಿನ ಮನೆಯೋ ಗೊತ್ತಾಗುತ್ತಿರಲಿಲ್ಲ, ಹಾಗೆ ಅತ್ತರು. ಒಬ್ಬಳಂತೂ ಎರಡು ದೊಡ್ಡ ಬಿಂದಿಗೆ ಉಡುಗೊರೆ ಕೊಟ್ಟು, "ತುಂಬಿಸ್ಕಳಕೆ ಸಿಕ್ಕಾಗ ತುಂಬಿಸ್ಕೊ" ಅಂದಳು. ನನಗೆ ಬಂದ ಕೋಪಕ್ಕೆ ಆ ಬಿಂದಿಗೆಯನ್ನು ಅವಳ ತಲೆ ಮೇಲೇ ಕವುಚಬೇಕು ಅನ್ನಿಸಿತ್ತು.

ಬಂದ ಮೊದಲ ವಾರವೇ ನನ್ನ ಮಾನ ಹರಾಜಾಯಿತು. ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದವಳು, ತೌರಿನ ಅಭ್ಯಾಸದಂತೆ ಚೊಂಬಿನ ಮೇಲೆ ಚೊಂಬು ಸುರಿದುಕೊಂಡು, ಹಾಡು ಗುನುಗುತ್ತಾ ಹಂಡೆ ಖಾಲಿ ಮಾಡಿ ಬಂದೆ. ನಮ್ಮತ್ತೆ ಒಳಗೆ ಹೋಗಿ ಹಂಡೆ ನೋಡಿ, ಹೊರಗೆ ಬಂದು ನನ್ನ ನೋಡಿ, "ಚೆನ್ನಾಗ್ ಮಿಂದ್ಕೊಂಡಾ ಅಮ್ಮಿ?" ಅಂದರು. ಹೂಂ ಅಂದೆ. "ಒಳ್ಳೇದಾಯ್ತು ಬುಡು. ನಾವು ಇನ್ನು ನಾಳೆ ಮೀಯಾನ." ಅಷ್ಟೇ. ಒಂದು ಬೈಗುಳವಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ನಿಜ ಹೇಳಬೇಕೆಂದರೆ, ಮಳೆ ಊರಿನವರು ಸೋಮಾರಿಗಳು ಅಂತಲೇ ನಾನು ನಂಬಿ ಬೆಳೆದದ್ದು. ನಮ್ಮ ಕಡೆ ಎಲ್ಲರೂ ಹಾಗೇ ಹೇಳುತ್ತಿದ್ದರು. ಅವರಿಗೆ ಬುದ್ಧಿ ಇಲ್ಲ, ಗೇಯಲ್ಲ, ಅದಕ್ಕೇ ಹಂಗವ್ರೆ ಅಂತ. ಇಲ್ಲಿ ಬಂದು ನೋಡಿದರೆ ನಮ್ಮತ್ತೆ ಕೋಳಿಗಿಂತ ಮೊದಲು ಏಳುತ್ತಾರೆ. ಹೊಲದ ಕಲ್ಲು ಆಯ್ದು ಬದುವಿಗೆ ಹಾಕುತ್ತಾರೆ, ಮಾರನೇ ವರ್ಷ ಉತ್ತಾಗ ಮತ್ತೆ ಅಷ್ಟೇ ಕಲ್ಲು ಮೇಲೆ ಬರುತ್ತವೆ, ಮತ್ತೆ ಆಯುತ್ತಾರೆ. ನಮ್ಮಪ್ಪ ಗದ್ದೆಗೆ ನೀರಿನ ಮಡೆ ತಿರುಗಿಸಿ, ಅರಳಿಕಟ್ಟೆಯಲ್ಲಿ ಕೂತು ರಾಜಕೀಯ ಮಾತಾಡಿ, ಮಧ್ಯಾಹ್ನ ಮನೆಗೆ ಬಂದು "ಸಾಕಾಯ್ತು ಗೇದು ಗೇದು" ಅನ್ನುತ್ತಿದ್ದುದು ನೆನಪಾಗಿ ನನಗೆ ಒಬ್ಬಳಿಗೇ ನಗು ಬರುತ್ತಿತ್ತು.

ಒಂದು ದಿನ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ. "ಅಲ್ಲ ಅತ್ತೆ, ನಮ್ಮೂರು ಅಂಗೆ, ನಿಮ್ಮೂರು ಇಂಗೆ, ಯಾಕೆ?"

ಅತ್ತೆ ನಕ್ಕರು. "ನೀರು ಇಳಿಜಾರಿಗೆ ಅರೀತದೆ ಕಣಮ್ಮಿ. ನಾವು ದಿಬ್ಬದ ಮ್ಯಾಲಿದೀವಿ. ಅಷ್ಟೇಯ."

ಅಷ್ಟೇಯ ಅಂದರೂ ಅಷ್ಟೇ ಅಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ನಾಲೆ ಬಂದ ಕಡೆಗೆ ಕಬ್ಬು ಬಂತು. ಕಬ್ಬಿನ ಗಾಡಿ ಓಡಾಡಲು ರಸ್ತೆ ಬಂತು. ರಸ್ತೆ ಇದ್ದ ಕಡೆಗೆ ಬಸ್ಸು, ಬಸ್ಸು ಇದ್ದ ಕಡೆಗೆ ಮೇಷ್ಟ್ರು, ಡಾಕ್ಟ್ರು. ಮೇಷ್ಟ್ರು ದಿನಾ ಬಂದ ಊರಿನ ಮಕ್ಕಳು ಓದಿ ಆಫೀಸಿಗೆ ಸೇರಿದರು, ಸೇರಿದವರು ತಮ್ಮೂರಿಗೇ ಇನ್ನೊಂದು ರಸ್ತೆ ಮಾಡಿಸಿದರು. ನಮ್ಮ ಈ ಮಳೆ ಊರಿನ ಹುಡುಗರಿಗೆ ಯಾವ ಆಫೀಸಿನ ಯಾವ ಕಿಟಕಿಯಲ್ಲಿ ಯಾರನ್ನು ಕೇಳಬೇಕು ಅನ್ನುವುದೇ ತಿಳಿಯದು. ದಿಬ್ಬ ಎತ್ತರದಲ್ಲಿದ್ದದ್ದು ಒಂದು ತಪ್ಪು, ಮಿಕ್ಕಿದ್ದೆಲ್ಲ ಅದರ ಹಿಂದೆ ಸಾಲಾಗಿ ಬಂತು. ಇದನ್ನೆಲ್ಲ ಹೇಳಿ ಅತ್ತೆ, "ನಾನೂ ನಿಮ್ಮೂರ್ ಕಡೆ ನಾಟಿಗೆ ಬಂದಿವ್ನಿ ಕಣಮ್ಮಿ, ಮಕ್ಳು ಚಿಕ್ಕೋರಿದ್ದಾಗ. ಹದಿನೈದು ದಿನ ಕೆಸರಲ್ಲೇ ನಿಂತು ಕಾಲ್ಬೆರಳ ಸಂದಿಯೆಲ್ಲ ಕೊಳ್ತೋಗಿತ್ತು. ಅನ್ನ ಮಾತ್ರ ಏನ್ ಬೆಳ್ಳಗಿತ್ತಂತೀಯ!" ಅಂದು ಮತ್ತೆ ನಕ್ಕರು. ಅವರು ನಾಟಿ ಹಾಕಿದ ಗದ್ದೆಯ ಅನ್ನ ತಿಂದೇ ನಾನು ಬೆಳೆದಿರಬಹುದು ಅಂತ ಹೊಳೆದು ನನಗೆ ಸುಲಿಯುವ ಕೈ ನಿಂತಿತು.

ಇರಲಿ. ನಾನು ಹೇಳಹೊರಟದ್ದು ನನ್ನ ಮೈದುನನ ವಿಷಯ.

ನಾನು ಬಂದಾಗ ಅವನಿನ್ನೂ ಹೈಸ್ಕೂಲು. ಆಮೇಲೆ ಹೊಲ, ಮೂರು ಹಸು, ಒಂದಿಷ್ಟು ಕುರಿ ನೋಡಿಕೊಂಡು ಊರಲ್ಲೇ ನಿಂತ. ಚೆನ್ನಾಗಿ ಗೇಯುತ್ತಾನೆ, ಬೀಡಿ ಇಲ್ಲ, ಎಣ್ಣೆ ಇಲ್ಲ, ಹಸುವಿನ ಮುಂದೆ ಒಂದು, ಜನರ ಮುಂದೆ ಒಂದು ಮಾತಿಲ್ಲ. ಆದರೆ ಮೂವತ್ತೈದು ತುಂಬಿದರೂ ಮದುವೆ ಇಲ್ಲ. ಅವನೊಬ್ಬನೇ ಅಲ್ಲ, ನಮ್ಮೂರಲ್ಲಿ ಹೊಲ ನಂಬಿದ ಹುಡುಗರೆಲ್ಲ ಹಾಗೇ. ಸಂಜೆ ಹಾಲು ಹಾಕಿ ಬಂದು ಸೇತುವೆ ಕಟ್ಟೆ ಮೇಲೆ ಸಾಲಾಗಿ ಕೂತು ಮೊಬೈಲು ನೋಡುತ್ತಾರೆ. "ಏನ್ಲಾ, ನಿಂಗೂ ಆಗ್ಲಿಲ್ವೇನ್ಲಾ" ಅಂತ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಳ್ಳುತ್ತಾರೆ. ಅತ್ತೆಗೆ ಇದೊಂದೇ ಕೊರಗು. ದೇವರ ಮುಂದೆ ದೀಪ ಹಚ್ಚಿದಾಗಲೆಲ್ಲ "ನನ್ನ ಚಿಕ್ ಮಗನ ತಲೆ ಮ್ಯಾಲೆ ನಾಕು ಕಾಳು ಅಕ್ಷತೆ ಬೀಳ್ಲಿ" ಅಂತ ಬೇಡುವುದು ನನ್ನ ಕಿವಿಗೆ ಬೀಳುತ್ತಿತ್ತು. ಅವನ ಮದುವೆ ಮಾಡಿಸಿಯೇ ತೀರುತ್ತೇನೆ ಅಂತ ನಾನು ಪಣ ತೊಟ್ಟೆ.

ಕೆ.ಆರ್. ಪೇಟೆಯ ಒಬ್ಬ ದಲ್ಲಾಳಿಯನ್ನು ಹಿಡಿದೆವು. ಮೊಪೆಡ್ ಮೇಲೆ ನಾಲ್ಕು ತಾಲೂಕು ಸುತ್ತುವ ಆಸಾಮಿ. ಅವನ ಚೀಲದಲ್ಲಿ ಮೂರು ಪುಸ್ತಕ. ಹಸಿರು ರಟ್ಟಿನದು ನಾಲೆ ಊರುಗಳಿಗೆ, ನೀಲಿ ರಟ್ಟಿನದು ಬೋರ್‌ವೆಲ್‌ನವರಿಗೆ, ರಟ್ಟೇ ಕಿತ್ತುಹೋದದ್ದು ಮಳೆ ಊರಿನವರಿಗೆ. ನನ್ನ ಮೈದುನನ ಫೋಟೋ ಆ ಮೂರನೇ ಪುಸ್ತಕದಲ್ಲಿ ಅಂಟಿಕೊಂಡಿತ್ತು. "ಹಸಿರು ಪುಸ್ತಕದೋರು ಕೆಂಪು ಪುಸ್ತಕ ತೆಗ್ಯೋಕೇ ಬುಡಲ್ಲ ಕಣಕ್ಕ" ಅಂದ ಅವನು. ಕೆಂಪೆಲ್ಲಿ, ರಟ್ಟೇ ಇಲ್ಲವಲ್ಲಪ್ಪ ಅಂದರೆ, "ಇದ್ದಾಗ ಕೆಂಪಿತ್ತು" ಅಂದ.

ಬಂದ ಸಂಬಂಧಗಳ ಕಥೆ ಹೇಳಿದರೆ ನೀವು ನಗುತ್ತೀರಿ. ಬಾಬುರಾಯನಕೊಪ್ಪಲಿನವರು ಬೆಳಗಿನ ಬಸ್ಸಿನಲ್ಲಿ ಬಂದಿಳಿದರು. ನಮ್ಮೂರಿಗೆ ಬಸ್ಸು ದಿನಕ್ಕೆ ಎರಡೇ ಸಲ, ಇದು ಬಿಟ್ಟರೆ ಸಂಜೆಯದು ಅಂತ ಕಂಡಕ್ಟರು ಬಾಯಿಬಿಟ್ಟ. ಡ್ರೈವರು ಬಸ್ಸು ತಿರುಗಿಸಿಕೊಳ್ಳುವಷ್ಟರಲ್ಲಿ ಅವರು ಮತ್ತೆ ಹತ್ತಿ ಕೂತಿದ್ದರು. ನಾನು ಕಾಫಿ ಸೋಸುತ್ತಿದ್ದವಳು ಸೋಸಿದ್ದೇ ಬಂತು. ಇನ್ನೊಬ್ಬರು ಮನೆಗೆ ಬಂದರು, ಉಪ್ಪಿಟ್ಟು ತಿಂದರು, ಹುಡುಗ ಚಿನ್ನದಂಥೋನು ಅಂದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಹುಡ್ಗುನ್ನ ನಾಲೆ ಕಡೆಗೆ ಕಳುಸ್ಕೊಡ್ತೀರಾ? ಮನೆ ಅಳಿಯ ಮಾಡ್ಕತೀವಿ" ಅಂದರು. ನಮ್ಮತ್ತೆ ಆ ದಿನ ಮಾತ್ರ ಬಾಯಿಗೆ ಬಂದ ಹಾಗೆ ಬೈದರು.

ಈ ಸಲ ಸಂಕ್ರಾಂತಿ ಕಳೆದ ಮೇಲೆ ದಲ್ಲಾಳಿ ಹಲ್ಲು ಕಿರಿಯುತ್ತಾ ಬಂದ. ಚಿನಕುರಳಿ ಪಕ್ಕದ ಒಂದು ಊರು, ಮೂವತ್ತರ ಹುಡುಗಿ, ಊರ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವ ಕೆಲಸ. ಹಾಲಿಗೆ ನೀರು ಬೆರೆಸಿ ತಂದವರನ್ನು ಕ್ಯಾನಿನ ಮುಚ್ಚಳ ತೆಗೆಯುವಾಗಲೇ ಕಂಡುಹಿಡಿಯುತ್ತಾಳಂತೆ. "ಹಸಿರು ಪುಸ್ತಕದ ಹೆಣ್ಣು ಕಣಕ್ಕ! ನಿಮ್ಮ ಹುಡುಗನ ಪೋಟೋನ ನೀಲಿಗೆ ಅಂಟಿಸ್ಬುಟ್ಟಿವ್ನಿ. ಬರೋ ಭಾನುವಾರ ಮನೆ ನೋಡಕೆ ಬತ್ತಾವ್ರೆ. ಅವರಿಗೆ ಒಪ್ಪಿಗೆಯಾದ್ರೆ ಆಮ್ಯಾಕೆ ನೀವು ಹೋಗಿ ಹೆಣ್ಣು ನೋಡೋದು." ಈಗ ನಮ್ಮ ಕಡೆ ಹಾಗೇ ಆಗಿದೆ. ಮೊದಲು ಹೆಣ್ಣಿನವರು ಮನೆ ನೋಡುತ್ತಾರೆ, ಹುಡುಗಿಯೂ ಜೊತೆಗೇ ಬರುತ್ತಾಳೆ.

ನನ್ನ ತಲೆ ಓಡಲು ಶುರುವಾದದ್ದು ಆವಾಗ. ನಾಲೆಯವರು ಮನೆ ನೋಡಲು ಬಂದರೆ ಏನು ನೋಡುತ್ತಾರೆ ಅನ್ನುವುದು ನನಗಲ್ಲದೆ ಇನ್ಯಾರಿಗೆ ಗೊತ್ತು? ಅವರು ಗೋಡೆ ನೋಡುವುದಿಲ್ಲ, ಟಿ.ವಿ. ನೋಡುವುದಿಲ್ಲ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಭತ್ತದ ಹುಲ್ಲಿನ ಮೆದೆ ಎಷ್ಟೆತ್ತರ ಇದೆ ಅಂತ ತಲೆ ಎತ್ತುತ್ತಾರೆ. ಮೆದೆ ದೊಡ್ಡದಿದ್ದರೆ ಗದ್ದೆ ದೊಡ್ಡದು. ನಮ್ಮಂಗಳದಲ್ಲಿ ಇದ್ದದ್ದು ರಾಗಿ ಹುಲ್ಲಿನ ಮೆದೆ. ಪಾಲಹಳ್ಳಿಯ ನಮ್ಮಣ್ಣನಿಗೆ ಫೋನು ಮಾಡಿ, "ಒಂದು ಟ್ರಾಕ್ಟರು ಬತ್ತದ ಹುಲ್ಲು ಕಳ್ಸು" ಅಂದೆ. ಯಾಕೆ ಅಂದ. ಕಳ್ಸು ಅಂದೆ.

ನನ್ನ ಗಂಡ ತಲೆ ಮೇಲೆ ಕೈ ಹೊತ್ತುಕೊಂಡ. "ಲೇ, ಹುಲ್ಲು ನೋಡಿ ಬತ್ತ ಎಲ್ಲಿ ಅಂದ್ರೆ ಏನ್ ಯೋಳ್ಲಿ?"

"ಮಿಲ್ಲಿಗೆ ಹೋಗಿದೆ ಅನ್ನಿ."

"ಗದ್ದೆ ಎಲ್ಲಿ ಅಂದ್ರೆ?"

"ಆಚೆ ಅನ್ನಿ. ಎಲ್ಲಾ ಊರಿಗೂ ಒಂದು ಆಚೆ ಇರ್ತದೆ."

ಶನಿವಾರ ಹುಲ್ಲು ಬಂತು. ಊರಿಗೆ ಊರೇ ನೋಡಲು ನಿಂತಿತು. ಸೇತುವೆ ಕಟ್ಟೆಯ ಹುಡುಗರೆಲ್ಲ ಬಂದು ಮೆದೆ ಹಾಕಿಕೊಟ್ಟರು. ಅವರಲ್ಲಿ ಯಾರೂ ಹುಟ್ಟಿದಾಗಿನಿಂದ ಭತ್ತದ ಮೆದೆ ಒಟ್ಟಿದವರಲ್ಲ. ರಾಗಿ ಮೆದೆ ಹಾಕುವ ಹಾಗೇ ಹಾಕಿದರು, ಅದು ಒಂದು ಕಡೆ ವಾಲಿತು, ಗಳ ಕೊಟ್ಟು ನಿಲ್ಲಿಸಿದೆವು. "ಈ ಸಲಿ ಇವ್ನಿಗಾದ್ರೆ ಮುಂದ್ಲ ತಿಂಗ್ಳು ಈ ಮೆದೆ ನಮ್ಮನೆಗೆ" ಅಂತ ಒಬ್ಬ ಈಗಲೇ ಹೇಳಿಟ್ಟ. ನನ್ನ ಮೈದುನ ಮಾತ್ರ ಮುಖ ಊದಿಸಿಕೊಂಡು ಹಸುವಿನ ಪಕ್ಕ ನಿಂತಿದ್ದ. "ಅತ್ಗೆಮ್ಮ, ನಂಗೆ ಸುಳ್ಳು ಬರಕಿಲ್ಲ" ಅಂದ. "ನಿನ್ನ ಯಾರೂ ಮಾತಾಡು ಅಂದಿಲ್ಲ, ಸುಮ್ಕೆ ಶರ್ಟು ಹಾಕ್ಕೊಂಡು ಕೂತ್ಕೊ" ಅಂತ ಗದರಿದೆ.

ಭಾನುವಾರ ಹತ್ತು ಗಂಟೆಗೆ ಬಿಳಿ ಕಾರು ಬಂತು. ಹುಡುಗಿಯ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪಂಚೆ. ಅಮ್ಮ ಹೆಚ್ಚು ಮಾತಾಡದ ಹೆಂಗಸು. ಹುಡುಗಿ ಹಸಿರು ಚೂಡಿದಾರ, ಕಣ್ಣು ಚುರುಕು, ಯಾರನ್ನು ನೋಡಿದರೂ ಕ್ಯಾನಿನ ಮುಚ್ಚಳ ತೆಗೆದವಳ ಹಾಗೇ ನೋಡುತ್ತಿದ್ದಳು. ಹಿಂದಿನಿಂದ ದಲ್ಲಾಳಿ. ಡಿಕ್ಕಿಯಿಂದ ಒಂದು ಹೊರೆ ಕಬ್ಬು, ಒಂದು ಚೀಲ ಅಚ್ಚುಬೆಲ್ಲ ಇಳಿಸಿದರು. ನೋಡಿ ನನ್ನ ಎದೆ ಹಿಗ್ಗಿತು. ಅಪ್ಪಟ ನಾಲೆಯವರು!

ಆ ಯಜಮಾನರು ಅಂಗಳಕ್ಕೆ ಕಾಲಿಟ್ಟವರೇ, ನಾನು ಎಣಿಸಿದ ಹಾಗೇ, ತಲೆ ಎತ್ತಿದರು. ಮೆದೆಯ ಸುತ್ತ ಒಂದು ಸುತ್ತು ಬಂದರು. ಆಸರೆ ಕೊಟ್ಟ ಗಳ ನೋಡಿದರು. ಒಂದು ಹುಲ್ಲಿನ ಎಳೆ ಹಿರಿದು ಬೆರಳಿಗೆ ಸುತ್ತಿಕೊಂಡರು.

"ಗದ್ದೆ ಎಲ್ಲಿ ಬರ್ತದೆ?" ಅಂತ ನನ್ನ ಗಂಡನನ್ನು ಕೇಳಿದರು.

"ಆಚೆ" ಅಂದ ನನ್ನ ಗಂಡ. ಕೈಯನ್ನು ಎತ್ತಿದ, ಯಾವ ಕಡೆ ತೋರಿಸಬೇಕು ತಿಳಿಯದೆ ಕೆಳಗಿಳಿಸಿದ.

"ನಿಮ್ಮ ಗದ್ದೆ?" ಅಂತ ನಾನು ಬೇಗ ಮಾತು ತಿರುಗಿಸಿದೆ.

"ನಮ್ದೂ ಅಂಗೇಯ. ಆಚೆ" ಅಂದರು ಅವರು.

ಎಲ್ಲರೂ ಒಳಗೆ ಕೂತರು. ಉಪ್ಪಿಟ್ಟು, ಕೇಸರಿಬಾತು, ಆಮೇಲೆ ಕಾಫಿ. ನಾನು ತಟ್ಟೆ ಹಿಡಿದು ಹೋದಾಗ ಹುಡುಗಿ ಒಂದು ಗುಟುಕು ಕುಡಿದು ನಿಲ್ಲಿಸಿದಳು. ಲೋಟದೊಳಗೆ ನೋಡಿದಳು. ಇನ್ನೊಂದು ಗುಟುಕು ಕುಡಿದಳು. ನೊಣ ಬಿತ್ತೋ ಏನು ಕರ್ಮವೋ!

"ಅಕ್ಕ, ಈ ಹಾಲು ಯಾವ ಡೈರೀದು?"

"ಡೈರೀದಲ್ಲ ಕಣಮ್ಮ, ನಮ್ಮ ಕೊಟ್ಟಿಗೇದು."

"ಇಷ್ಟ್ ಗಟ್ಟಿ ಹಾಲು ನಮ್ಮ ಡೈರೀಲಿ ಒಬ್ರೂ ತರಲ್ಲ. ಹಸ ನೋಡ್ಬೋದಾ?"

ಅಪ್ಪ ಕಣ್ಣು ಬಿಟ್ಟರೂ ಅವಳು ಎದ್ದೇಬಿಟ್ಟಳು. ನನ್ನ ಮೈದುನ ಬೆಂಕಿ ತುಳಿದವನ ಹಾಗೆ ಎದ್ದು ಹಿಂದೆ ಹೋದ. ಮರ್ಯಾದೆಗೆ ಅಂತ ಅತ್ತೆಯೂ ಹೋದರು. ನಾನು ಒಳಗೆ ಯಜಮಾನರಿಗೆ ಇನ್ನೂ ಒಂದು ಸೌಟು ಕೇಸರಿಬಾತು ಒತ್ತಾಯ ಮಾಡುತ್ತಿದ್ದೆ, ಕಿವಿಯೆಲ್ಲಾ ಕೊಟ್ಟಿಗೆಯಲ್ಲಿ. ಆಮೇಲೆ ಒಂದು ನಗು ಕೇಳಿಸಿತು. ಮೆಲ್ಲಗೆ ಅಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು. ನಾವೆಲ್ಲ ಓಡಿದೆವು.

ಹುಡುಗಿ ಗೋದಲಿ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೈಯಲ್ಲಿ ಒಂದು ಹಿಡಿ ಹುರುಳಿ ಹೊಟ್ಟು. ಪಕ್ಕದಲ್ಲಿ ನನ್ನ ಮೈದುನ, ಮೇಷ್ಟ್ರ ಮುಂದೆ ನಿಂತ ಹಾಗೆ. ಏನಾಯಿತು ಅಂತ ಅತ್ತೆ ಆಮೇಲೆ ಹೇಳಿದರು. ಅವಳು ಗೋದಲಿ ನೋಡಿದ್ದಾಳೆ, ರಾಗಿ ಹುಲ್ಲು, ಹುರುಳಿ ಹೊಟ್ಟು. "ಒಣ ಮೇವು, ಅದಕ್ಕೇ ಹಾಲು ಇಷ್ಟು ಗಟ್ಟಿ. ನಮ್ಮ ಕಡೆ ಹಸಿ ಹುಲ್ಲು ತಿಂದು ನೀರು ನೀರು ಹಾಲು ಕೊಡ್ತವೆ" ಅಂದಿದ್ದಾಳೆ. ಹಾಗೇ ತಿರುಗಿ, "ಮತ್ತೆ ಅಷ್ಟು ಬತ್ತದ ಹುಲ್ಲು ಯಾರಿಗೆ?" ಅಂತ ಕೇಳಿದ್ದಾಳೆ. ನನ್ನ ಮೈದುನ, ಆ ಸತ್ಯವಂತ, ಒಂದು ನಿಮಿಷ ಹಸುವನ್ನು ನೋಡಿ, "ನಿಮಗೆ" ಅಂದುಬಿಟ್ಟಿದ್ದಾನೆ. "ನಮ್ಮತ್ಗೆ ತೌರಿಂದ ತರ್ಸವ್ರೆ. ನಮಗೆ ಗದ್ದೆ ಇಲ್ಲ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಹುಡುಗಿಯ ಅಪ್ಪನ ಮುಖ ಕೆಂಪಾಯಿತು. "ಏನ್ರೀ ಇದು? ಸುಳ್ಳು ಯೋಳಿ ಹೆಣ್ಣು ಕೇಳ್ತೀರಾ? ಮೆದೆ ಒಟ್ಟಿ ಟೋಪಿ ಹಾಕಕೆ ನಾವೇನು ದಡ್ಡರಾ? ನಡೀರಿ, ಹೊರಡಾನ!" ಅಂತ ಪಂಚೆ ಎತ್ತಿ ಕಟ್ಟಿದರು. ಹಿಂದೆ ದಲ್ಲಾಳಿ ಆಗಲೇ ಮೂರು ಪುಸ್ತಕವನ್ನೂ ಚೀಲಕ್ಕೆ ತುರುಕಿಕೊಳ್ಳುತ್ತಿದ್ದ.

"ಅಪ್ಪಾ" ಅಂದಳು ಹುಡುಗಿ. ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. "ನಮ್ಮ ಗದ್ದೆ ಎಲ್ಲಿ ಬರ್ತದೆ?"

ಯಜಮಾನರು ನಿಂತಲ್ಲೇ ನಿಂತರು.

"ಈ ಕಬ್ಬು ಯಾವ ಗದ್ದೇದು ಅಪ್ಪಾ?"

ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಬಂದಾಗಿನಿಂದ ಮಾತಾಡದ ಆ ಹೆಂಗಸು, "ನಿನ್ನೆ ಪಾಂಡವಪುರದಲ್ಲಿ ತಂದದ್ದು" ಅಂದರು. "ಬೆಲ್ಲಾನೂವೆ. ಕಾರು ಬಾಡಿಗೇದು."

ಮೊದಲು ಯಾರು ನಕ್ಕರೋ ನನಗೆ ನೆನಪಿಲ್ಲ. ಅತ್ತೆ ಇರಬೇಕು. ಅವರು ಹಸುವಿನ ಬೆನ್ನು ಹಿಡಿದುಕೊಂಡು ನಗುತ್ತಿದ್ದರು. ನನ್ನ ಗಂಡ ಗೋಡೆಗೆ ಒರಗಿ "ಆಚೆ! ಆಚೆ!" ಅಂತ ಕೈ ಬೀಸುತ್ತಾ ನಗುತ್ತಿದ್ದ. ನಾನಂತೂ ನಕ್ಕು ನಕ್ಕು ಕೂತೇಬಿಟ್ಟೆ. ಕಾಂಪೌಂಡಿನ ಆಚೆ ಕದ್ದು ಕೇಳುತ್ತಿದ್ದ ಸೇತುವೆ ಕಟ್ಟೆಯ ಹುಡುಗರೂ ತಡೆಯಲಾಗದೆ ಹೋ ಅಂದರು. ಯಜಮಾನರು ಒಬ್ಬರೇ ನಗಲಿಲ್ಲ. ಅಂಗಳಕ್ಕೆ ಹೋಗಿ ಆ ವಾಲಿದ ಮೆದೆಯ ಬುಡದಲ್ಲಿ, ಬಿಳಿ ಪಂಚೆಯನ್ನೂ ನೋಡದೆ, ಕುಕ್ಕರಿಸಿದರು. ನಮ್ಮ ನಗು ಅಲ್ಲಿಗೆ ತಣ್ಣಗಾಯಿತು. ನನ್ನ ಗಂಡ ಚಾಪೆ ತಂದು ಅವರ ಎದುರಿಗೆ ಹಾಸಿದ. ಎಲ್ಲರೂ ಅಲ್ಲೇ ಕೂತೆವು.

"ನಾಲೆ ನಮ್ಮೂರ ನಡುವೇನೇ ಹೋಯ್ತದೆ" ಅಂದರು ಅವರು, ನೆಲ ನೋಡುತ್ತಾ. "ನಮ್ಮಪ್ಪನ ಹೊಲ ಅದರ ಮ್ಯಾಲಿನ ದಡದಲ್ಲಿ. ಒಂದಾಳುದ್ದ ಎತ್ತರ, ಅಷ್ಟೇಯ. ಕೆಳಗ್ಲೋರದ್ದೆಲ್ಲ ಗದ್ದೆಯಾಯ್ತು, ನಮ್ದು ಕಲ್ಲು ಹೊಲವಾಗೇ ನಿಂತೋಯ್ತು. ನಮ್ಮ ದೊಡ್ಡಪ್ಪನ ಮಕ್ಳು ಕೆಳಗವ್ರೆ. ಮಹಡಿ ಮನೆ ಕಟ್ಟವ್ರೆ. ಒಂದೇ ಅಜ್ಜಿ ಮೊಮ್ಮಕ್ಳು ನಾವು, ಅವರ ಮನೆ ಮದ್ವೆಲಿ ನಂಗೆ ಚಪ್ಪರದ ಕೊನೇಲಿ ಎಲೆ ಹಾಕ್ತಾರೆ. ನಾನು ಕಲ್ಲು ಕ್ವಾರೀಲಿ ಗೇದು ಮಗಳ್ನ ಓದ್ಸಿದೆ. ನನ್ನ ಬದುಕಂತೂ ನಾಲೆ ಮ್ಯಾಲೇ ಮುಗೀತು, ಇವಳಾದ್ರೂ ಕೆಳಗೆ ಇರ್ಲಿ ಅಂತ ಆಸೆ. ಅದಕ್ಕೇ ಹಸಿರು ಪುಸ್ತಕದಲ್ಲಿ ಬರೆಸ್ದೆ." ಅಷ್ಟು ಹೇಳಿ ಶಲ್ಯದಲ್ಲಿ ಮುಖ ಒರೆಸಿಕೊಂಡರು.

ಹುಡುಗಿ ಅಪ್ಪನ ಪಕ್ಕ ಕೂತಳು. "ಅಪ್ಪಾ, ನೀರಿಲ್ದೆ ಇದ್ದುದ್ದು ನಂಗೆ ಯಾವತ್ತೂ ಅಷ್ಟು ಕಷ್ಟ ಆಗ್ಲಿಲ್ಲ. ದಿನಾ ಕಣ್ಮುಂದೇನೆ ಹರಿಯೋದು, ನಮ್ದಲ್ಲ ಅನ್ನೋದು, ಅದು ಕಷ್ಟ ಆಯ್ತಿತ್ತು. ನಾನು ನಾಲೇಲಿ ಬಟ್ಟೆ ಒಗೆಯೋಕೆ ಇಳುದ್ರೂ 'ಮ್ಯಾಲಿನೋಳು ಬಂದ್ಲು' ಅನ್ನೋರು. ಇಲ್ಲಿ ನೋಡು, ಯಾರಿಗೂ ಇಲ್ಲ. ಇಲ್ಲದಿರೋರು ಇಲ್ಲದಿರೋರ ಜೊತೆ ಇದ್ರೆ ತಲೆ ಎತ್ಕೊಂಡಾದ್ರೂ ಓಡಾಡ್ಬೋದು. ಹಾಲು ಚೆನ್ನಾಗದೆ. ಇಂಥ ಹಾಲಿಗೆ ಈ ಊರಲ್ಲೇ ಡೈರಿ ಮಾಡ್ಬೇಕು, ಅದು ಬುಟ್ಟು ಎಲ್ಲಿಗೋ ಹೋಗಿ ಹಾಕ್ತಾವ್ರಂತೆ." ಆಮೇಲೆ ನನ್ನ ಮೈದುನನ ಕಡೆ ನೋಡದೆ ಹೇಳಿದಳು, "ಕೇಳಿದ್ದಕ್ಕೆ ನಿಜಾನೇ ಯೋಳುದ್ರು." ಅವನು ತನ್ನ ಕಾಲ ಬೆರಳು ನೋಡಿಕೊಳ್ಳುತ್ತಿದ್ದ, ಕಿವಿ ಕೆಂಪಾಗಿತ್ತು.

ಯಜಮಾನರು ಮಗಳ ಮಾತು ಕೇಳಿ ನನ್ನ ಕಡೆ ತಿರುಗಿದರು. "ನೀನು ಯಾವೂರವ್ವ?"

"ಪಾಲಹಳ್ಳಿ ಕಣಣ್ಣ."

"ನಾಲೆ ಕೆಳಗೆ ಹುಟ್ಟಿದೋಳು."

"ಹೂಂ."

"ಇಲ್ಲಿಗೆ ಬಂದು ಎಂಗಿದೀಯ? ಈಗ್ಲಾದ್ರೂ ನಿಜ ಯೋಳು ತಾಯಿ."

ಮದುವೆಯಾಗಿ ಇಷ್ಟು ವರ್ಷವಾಯಿತು. ನನ್ನನ್ನು ಅಯ್ಯೋ ಪಾಪ ಅಂದವರು ಬೇಕಾದಷ್ಟು ಜನ, ಹೀಗೆ ಎದುರಿಗೆ ಕೂತು ಕೇಳಿದವರು ಒಬ್ಬರೂ ಇರಲಿಲ್ಲ. ನನ್ನ ಹೆತ್ತಪ್ಪನೂ ಕೇಳಿರಲಿಲ್ಲ, ಕೇಳಲು ಭಯಪಟ್ಟಿರಬೇಕು. ಗಂಡ, ಮೈದುನ, ಅತ್ತೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದು ಸುಳ್ಳು ಹೇಳಿದರೆ ಮದುವೆ ಆಗುತ್ತಿತ್ತೇನೋ. ಆದರೆ ಆ ಮನುಷ್ಯನ ಮುಂದೆ ನನ್ನ ನಾಲಗೆಗೆ ಇನ್ನು ಸುಳ್ಳು ಬರುವ ಹಾಗಿರಲಿಲ್ಲ.

"ಕಷ್ಟ ಕಣಣ್ಣ" ಅಂದೆ. "ಬಸ್ಸು ಎರಡೇ. ಹೆರಿಗೆಗೆ ನಾಗಮಂಗಲಕ್ಕೆ ಹೋಗ್ಬೇಕು, ನನ್ನ ಮಗಳು ದಾರೀಲಿ ಟ್ರಾಕ್ಟರಲ್ಲೇ ಹುಟ್ಟಿದ್ಲು. ಬ್ಯಾಸ್ಗೇಲಿ ತಲೆ ಮೇಲೆ ನೀರು ಹುಯ್ಕೊಳೋದು ವಾರಕ್ಕೆ ಒಂದೇ ದಿನ. ತೌರಿಗೆ ಹೋದಾಗ ನಾಲೇಲಿ ಕಾಲಿಟ್ಕೊಂಡು ಕೂತ್ರೆ ಇವತ್ತಿಗೂ ಏಳಕೆ ಮನ್ಸು ಬರಲ್ಲ."

ಅತ್ತೆ ತಲೆ ತಗ್ಗಿಸಿದರು. ಮೈದುನನ ಮುಖ ಇಷ್ಟೇ ಇಷ್ಟಾಯಿತು. ಕೆಟ್ಟೆ, ಎಲ್ಲಾ ಕೆಡಿಸಿದೆ ಅಂದುಕೊಂಡೆ. ಆದರೆ ನಿಜ ಇನ್ನೂ ಮುಗಿದಿರಲಿಲ್ಲ.

"ಬ್ಯಾಸ್ಗೇಲಿ ಟ್ಯಾಂಕರು ಬಂದಾಗ ನಮ್ಮತ್ತೆ ಮೊದಲ್ನೇ ಕೊಡ ನನ್ನ ಬಚ್ಚಲಿಗೆ ಹುಯ್ತಾರೆ. ಆಮೇಲೆ ಹಸಕ್ಕೆ. ಮಿಕ್ಕಿದ್ರೆ ಅವರಿಗೆ. ನಾಲೆ ಕಡೇಲಿ ಹುಟ್ಟಿದ ಮಗು, ತಡಕಳಕಿಲ್ಲ ಅಂತ. ನಂಗೆ ಗೊತ್ತಿಲ್ಲ ಅನ್ಕಂಡವ್ರೆ. ಬಂದ ವರ್ಷದಿಂದ ಒಂದು ಬ್ಯಾಸ್ಗೇನೂ ತಪ್ಸಿಲ್ಲ ಕಣಣ್ಣ."

"ಅದನ್ನೆಲ್ಲ ಯಾಕಮ್ಮಿ ಯೋಳೀಯೆ" ಅಂತ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋಗಿಬಿಟ್ಟರು. ನನಗೂ ಅಳು ಬಂತು, ನಾಚಿಕೆ ಬಿಟ್ಟು ಅತ್ತುಬಿಟ್ಟೆ, ಅಳುತ್ತಲೇ ನಕ್ಕೆ. ಅಷ್ಟು ಹಗುರವಾದದ್ದು ನನಗೆ ಆ ಮನೆಗೆ ಬಂದ ಮೇಲೆ ಅದೇ ಮೊದಲು.

ಯಜಮಾನರು ಎದ್ದು ಪಂಚೆಯ ಹುಲ್ಲು ಕೊಡವಿಕೊಂಡರು. ಕಾರಿನ ತನಕ ನಡೆದರು. ಹುಡುಗಿ, ಅವಳಮ್ಮ ಹತ್ತಿ ಕೂತರು. ನಾವೆಲ್ಲ ಹಿಂದೆ ಹಿಂದೆ ಹೋದೆವು. ನನ್ನ ಮೈದುನ ಗೇಟಿನ ಹತ್ತಿರವೇ ನಿಂತುಬಿಟ್ಟ. ಕಾರಿನ ಬಾಗಿಲು ಹಿಡಿದ ಯಜಮಾನರು ಅವನನ್ನು ಹತ್ತಿರ ಕರೆದು ಭುಜದ ಮೇಲೆ ಕೈಯಿಟ್ಟರು.

"ಬರೋ ಭಾನುವಾರ ಎಲ್ಲಾರೂ ಬನ್ನಿ. ಊರೊಳಗೆ ಮಹಡಿ ಮನೆ ಒಂದದೆ, ದಲ್ಲಾಳಿ ಅದನ್ನ ತೋರಿಸ್ತಾನೆ, ಅದು ನಮ್ದಲ್ಲ. ಅಲ್ಲಿ ನಿಲ್ಲಬ್ಯಾಡಿ. ನಾಲೆ ಸೇತುವೆ ದಾಟಿ ಮ್ಯಾಲಕ್ಕೆ ಬನ್ನಿ, ಕಲ್ಲು ಹೊಲ ಸಿಕ್ತದೆ, ತಗಡಿನ ಸೀಟು ಹೊದ್ಸಿದ ಮನೆ. ಅದು ನಮ್ದು. ನಾನು ದಾರೀಲೇ ನಿಂತಿರ್ತೀನಿ."